ಜಾಹೀರಾತಿಗೆ ಸುರಿದ ಹಣ: ಆನ್‌ಲೈನ್ ಸಿನಿಮಾ ಅಂಗಡಿಗಳ ಮೊದಲ ವರ್ಷಗಳು

(ಸಣ್ಣ ಹೂಡಿಕೆದಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1998ರ ಸೆಪ್ಟೆಂಬರ್ 1ರಂದು ಅಮೆರಿಕದಲ್ಲಿ ‘ಟೈಟಾನಿಕ್’ ಸಿನಿಮಾದ ವಿಡಿಯೊ ಕ್ಯಾಸೆಟ್ ಮಾರಾಟಕ್ಕೆ ಬಂತು. ಅದರ ಮೇಲೆ ನಮೂದಾಗಿದ್ದ ಬೆಲೆ 20 ಡಾಲರ್ ಹತ್ತಿರ. ಆದರೆ ರೀಲ್.ಕಾಂ ಎಂಬ ಆನ್‌ಲೈನ್ ಅಂಗಡಿ ಅದನ್ನು 9.99 ಡಾಲರಿಗೆ ಕೊಟ್ಟಿತು. ಅಂದರೆ ತಾನು ಕೊಂಡ ಬೆಲೆಗಿಂತಲೂ ಕಡಿಮೆಗೆ. ಆರ್ಡರ್‌ಗಳು ರಾಶಿ ರಾಶಿ ಬಂದವು. ಒಂದೊಂದು ಕ್ಯಾಸೆಟ್ ಹೊರಟಾಗಲೂ ಅಂಗಡಿಗೆ ಅಷ್ಟಷ್ಟು ನಷ್ಟ. ಆದರೆ ಆ ನಷ್ಟಕ್ಕೆ ಅವರು ನಷ್ಟ ಅಂತ ಹೆಸರಿಡಲಿಲ್ಲ. ಗಿರಾಕಿಯನ್ನು ಸಂಪಾದಿಸುವ ಖರ್ಚು ಅಂದರು. ಒಂದು ಸಲ ಟೈಟಾನಿಕ್ ಕೊಂಡವರು ಮುಂದೆ ಪೂರಾ ಬೆಲೆ ಕೊಟ್ಟು ಬೇರೆ ಸಿನಿಮಾ ಕೊಳ್ಳುತ್ತಾರೆ ಅನ್ನೋದು ಲೆಕ್ಕ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಈ ಲೆಕ್ಕದ ಬಗ್ಗೆಯೇ. ಇಪ್ಪತ್ತೈದು ವರ್ಷ ಹಿಂದಿನ ಅಮೆರಿಕದ ಕ್ಯಾಸೆಟ್ ಅಂಗಡಿಗಳ ಕತೆ ನಮಗೆ ಯಾಕೆ ಬೇಕು ಅಂತ ಕೇಳಬಹುದು. ನಮ್ಮ ಬೆಂಗಳೂರಿನ ಕಂಪನಿಗಳೇ ಈಗ ನಷ್ಟದಲ್ಲಿದ್ದುಕೊಂಡು ಷೇರು ಮಾರಲು ಬರುತ್ತಿವೆ. ‘ಬಂದ ಹಣವನ್ನು ಬ್ರಾಂಡ್ ಬೆಳೆಸೋಕೆ, ಜಾಹೀರಾತಿಗೆ ಬಳಸುತ್ತೇವೆ’ ಅಂತ ಪ್ರಾಸ್ಪೆಕ್ಟಸ್‌ನಲ್ಲಿ, ಅಂದರೆ ಷೇರು ಮಾರುವಾಗ ಕೊಡುವ ವಿವರಪತ್ರದಲ್ಲಿ, ಬರೆದಿರುತ್ತಾರೆ. ಆ ಸಾಲನ್ನು ಓದುವಾಗ ನಮ್ಮ ತಲೆಯಲ್ಲಿ ಒಂದು ಪ್ರಶ್ನೆ ಏಳಬೇಕು: ಜಾಹೀರಾತಿನ ಹಣ ಏನನ್ನು ಕೊಳ್ಳುತ್ತಿದೆ? ಒಂದು ಆರ್ಡರನ್ನೋ, ಒಬ್ಬ ಗಿರಾಕಿಯನ್ನೋ? ಒಂದೇ ಸರಕನ್ನು, ಒಂದೇ ದೇಶದ ಜನಕ್ಕೆ, ಒಂದೇ ಕಾಲದಲ್ಲಿ ಮಾರಹೊರಟ ಕಂಪನಿಗಳಲ್ಲಿ ಒಂದು ಉಳಿದು ಮಿಕ್ಕವು ಅಳಿದ ಉದಾಹರಣೆ ಇಷ್ಟು ಚೊಕ್ಕವಾಗಿ ಬೇರೆ ಕಡೆ ಸಿಗುವುದು ಕಷ್ಟ.

ಮೊದಲು ರೀಲ್.ಕಾಂ. ಇದನ್ನು ಕಟ್ಟಿದವರು ಸ್ಟುವರ್ಟ್ ಸ್ಕೋರ್ಮನ್. ಅಮೆರಿಕದ ವರ್ಮಾಂಟ್ ಕಡೆ ವಿಡಿಯೊ ಅಂಗಡಿಗಳನ್ನು ನಡೆಸಿ ಅನುಭವ ಇದ್ದವರು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಒಂದು ನಿಜವಾದ ಅಂಗಡಿಯನ್ನೂ ತೆರೆದು, ಜೊತೆಗೆ ಇಂಟರ್‌ನೆಟ್‌ನಲ್ಲೂ ಮಾರಾಟ ಶುರು ಮಾಡಿದರು. ಸೈಟ್ ಚೆನ್ನಾಗಿತ್ತು. ‘ಈ ಸಿನಿಮಾ ಇಷ್ಟವಾದರೆ ಇದನ್ನೂ ನೋಡಿ’ ಅಂತ ಸಿನಿಮಾ ಬಲ್ಲವರೇ ಕೂತು ಸಲಹೆ ಬರೆಯುತ್ತಿದ್ದರು. ಆ ಕೆಲಸದಲ್ಲಿ ಪ್ರೀತಿ ಇತ್ತು, ಅದನ್ನು ನಾನು ಒಪ್ಪುತ್ತೇನೆ.

1998ರ ಜುಲೈನಲ್ಲಿ ಹಾಲಿವುಡ್ ಎಂಟರ್‌ಟೇನ್‌ಮೆಂಟ್ ಎಂಬ ಕಂಪನಿ ಇದನ್ನು ಸುಮಾರು 10 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆ ಕಂಪನಿಗೆ ಅಮೆರಿಕದ ಉದ್ದಗಲಕ್ಕೂ ಸಾವಿರದಷ್ಟು ವಿಡಿಯೊ ಬಾಡಿಗೆ ಅಂಗಡಿಗಳಿದ್ದವು. ಬ್ಲಾಕ್‌ಬಸ್ಟರ್ ಬಿಟ್ಟರೆ ಅದೇ ದೊಡ್ಡದು. ಅಂದರೆ ಕಟ್ಟಡದ ಬಾಡಿಗೆ ಕಟ್ಟಿ, ಕೌಂಟರಿನಲ್ಲಿ ನಿಂತು, ಒಂದೊಂದು ಕ್ಯಾಸೆಟ್‌ನಿಂದ ಎರಡು ಮೂರು ಡಾಲರ್ ಸಂಪಾದಿಸಿ ಲಾಭ ಮಾಡುವ ವ್ಯವಹಾರ. ಅಲ್ಲಿ ದುಡಿದ ಹಣ ರೀಲ್‌ಗೆ ಹರಿಯತೊಡಗಿತು.

ಆ ಹಣ ಎಲ್ಲಿಗೆ ಹೋಯಿತು? ಬಹುಪಾಲು ಎರಡು ಕಡೆ. ಒಂದು, ಬೆಲೆ ಇಳಿಸೋದಕ್ಕೆ. ಇನ್ನೊಂದು, ಹೆಸರು ಕಾಣಿಸೋದಕ್ಕೆ. ಆ ಕಾಲದಲ್ಲಿ ಜನ ಇಂಟರ್‌ನೆಟ್‌ಗೆ ಕಾಲಿಡುತ್ತಿದ್ದದ್ದೇ ಎಒಎಲ್, ಯಾಹೂ ಥರದ ಹೆಬ್ಬಾಗಿಲುಗಳಿಂದ. ಆ ಬಾಗಿಲಲ್ಲಿ ಬೋರ್ಡ್ ಹಾಕಿಸಿಕೊಳ್ಳೋಕೆ ಸಣ್ಣ ಕಂಪನಿಗಳು ಲಕ್ಷಗಟ್ಟಲೆ ಡಾಲರ್ ಮುಂಗಡ ಕಟ್ಟುತ್ತಿದ್ದವು. ಜನ ಬರಲಿ ಬಿಡಲಿ, ಕಟ್ಟಿದ್ದು ಕಟ್ಟಿದ್ದೇ. ಹೂಡಿಕೆದಾರ ಒಂದು ಕಂಪನಿಗೆ ಹಾಕಿದ ಹಣ ಹೀಗೆ ಇನ್ನೊಂದು ಕಂಪನಿಯ ಆದಾಯವಾಗುತ್ತಿತ್ತು. ಆ ಆದಾಯ ನೋಡಿ ಅದರ ಷೇರು ಏರುತ್ತಿತ್ತು. ಈ ಸುತ್ತು ನಿಂತ ದಿನ ಎಲ್ಲ ಒಟ್ಟಿಗೆ ನಿಂತಿತು.

ಸಿನಿಮಾ ಡಿಸ್ಕ್ ಅನ್ನೋ ಸರಕಿಗೆ ಒಂದು ಗುಣ ಇದೆ, ಗಮನಿಸಿ. ಅದು ಯಾವ ಅಂಗಡಿಯಲ್ಲಿ ಕೊಂಡರೂ ಅದೇ. ಅಕ್ಕಿ, ಸೀರೆ ಥರ ‘ಇವರ ಹತ್ತಿರ ಚೆನ್ನಾಗಿರುತ್ತೆ’ ಅನ್ನೋ ಮಾತೇ ಇಲ್ಲ. ಹಾಗಾಗಿ ಬೆಲೆ ಒಂದೇ ಮಾತಾಡುತ್ತೆ. ಪಕ್ಕದ ಸೈಟ್ ಒಂದು ಕ್ಲಿಕ್ ದೂರ. 800.ಕಾಂ ಎಂಬ ಅಂಗಡಿಯಂತೂ ಹೊಸಬರಿಗೆ ಒಂದು ಡಾಲರಿಗೆ ಮೂರು ಡಿವಿಡಿ ಕೊಟ್ಟಿತು! ಯಾವ ಅಂಗಡಿಯಲ್ಲಿ ಯಾವ ಕೂಪನ್ ನಡೆಯುತ್ತಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಗುಂಪುಗಳೇ ಹುಟ್ಟಿಕೊಂಡವು. ಇವತ್ತು ರೀಲ್, ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು. ಜನರನ್ನು ದೂರುವ ಹಾಗಿಲ್ಲ. ಅಂಗಡಿಗಳೇ ಅವರಿಗೆ ಆ ಅಭ್ಯಾಸ ಕಲಿಸಿದ್ದು.

ಹೀಗಾದಾಗ ಲೆಕ್ಕ ಕೆಡುತ್ತದೆ. ಟೈಟಾನಿಕ್ ಕೊಂಡವನು ಮರಳಿ ಬರಬೇಕು ಅಂದರೆ ಮತ್ತೆ ಕೂಪನ್ ಕೊಡಬೇಕು. ಅಂದರೆ ಅವನನ್ನು ಮತ್ತೆ ಕೊಳ್ಳಬೇಕು. ಒಬ್ಬನೇ ಗಿರಾಕಿಗೆ ಪ್ರತಿ ಸಲವೂ ಹಣ ತೆರುತ್ತಿದ್ದರೆ ಅದು ಹೂಡಿಕೆ ಹೇಗಾದೀತು? ಅದು ಬರೀ ರಿಯಾಯಿತಿ. 1998ರ ನವೆಂಬರ್‌ನಲ್ಲಿ ಅಮೆಜಾನ್ ಕೂಡ ವಿಡಿಯೊ, ಡಿವಿಡಿ ಮಾರಾಟಕ್ಕೆ ಇಳಿದ ಮೇಲೆ ಸಣ್ಣವರಿಗೆ ಉಸಿರಾಡೋಕೂ ಜಾಗ ಉಳಿಯಲಿಲ್ಲ. ರೀಲ್ ಅನ್ನು ಬೇರೆ ಮಾಡಿ ಷೇರುಪೇಟೆಗೆ ತರಬೇಕು ಅಂದುಕೊಂಡಿದ್ದ ಹಾಲಿವುಡ್ ಕಂಪನಿಗೆ ಪೇಟೆ ಕುಸಿದ ಮೇಲೆ ಆ ದಾರಿಯೂ ಮುಚ್ಚಿತು. 2000ದ ಜೂನ್‌ನಲ್ಲಿ ರೀಲ್.ಕಾಂ ಮಾರಾಟ ನಿಲ್ಲಿಸಿತು. ಅಲ್ಲಿದ್ದ ಬಹುಪಾಲು ಜನ ಕೆಲಸ ಕಳೆದುಕೊಂಡರು. 10 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಅಂಗಡಿ ಎರಡು ವರ್ಷದೊಳಗೆ ಬರೀ ಸಿನಿಮಾ ಮಾಹಿತಿಯ ಸೈಟ್ ಆಗಿ ಉಳಿಯಿತು.

ನ್ಯೂಯಾರ್ಕ್‌ನ ಬಿಗ್‌ಸ್ಟಾರ್ ಎಂಟರ್‌ಟೇನ್‌ಮೆಂಟ್‌ನದೂ ಹೆಚ್ಚುಕಡಿಮೆ ಇದೇ ಹಾದಿ, ಆದರೆ ಅಲ್ಲಿ ಸಿಕ್ಕಿಬಿದ್ದವರು ನಮ್ಮಂಥ ಸಣ್ಣ ಹೂಡಿಕೆದಾರರು. 1999ರ ಆಗಸ್ಟ್‌ನಲ್ಲಿ ಷೇರಿಗೆ 10 ಡಾಲರಿನಂತೆ ಪೇಟೆಗೆ ಬಂತು. ಬೇರೆಯವರ ಸರಕು ಲಾರಿಗಳ ಮೈಮೇಲೆಲ್ಲ ತನ್ನ ಹೆಸರು ಬರೆಸಿತು. ಆ ಲಾರಿಗಳು ಬಿಗ್‌ಸ್ಟಾರ್‌ನ ಸಿನಿಮಾಗಳನ್ನು ಹೊರುತ್ತಿರಲಿಲ್ಲ. ಬೀದಿಯಲ್ಲಿ ಓಡಾಡುವ ಬೋರ್ಡುಗಳು ಅಷ್ಟೇ. ನೋಡಿದವರಿಗೆ ಎಷ್ಟು ದೊಡ್ಡ ಕಂಪನಿಯಪ್ಪಾ ಅನ್ನಿಸುತ್ತಿತ್ತು. ಮರುವರ್ಷ ಮುಗಿಯುವ ಹೊತ್ತಿಗೆ ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗೆ ಬಿದ್ದಿತ್ತು.

ಈಗ ಉಳಿದುಕೊಂಡವರ ಕಡೆಗೆ ಬರೋಣ. ನೆಟ್‌ಫ್ಲಿಕ್ಸ್ ಮೊದಲಿನಿಂದಲೂ ಜಾಣ ಕಂಪನಿ, ಹಾಗಾಗಿ ಗೆದ್ದಿತು ಅಂತ ನೀವು ಅಂದುಕೊಂಡಿದ್ದರೆ ದಯವಿಟ್ಟು ಅದನ್ನು ಬಿಟ್ಟುಬಿಡಿ. ಮೊದಲ ವರ್ಷ ಅವರೂ ರೀಲ್ ಮಾಡಿದ್ದನ್ನೇ ಮಾಡಿದರು.

ಮಾರ್ಕ್ ರಾಂಡಾಲ್ಫ್ ಮತ್ತು ರೀಡ್ ಹೇಸ್ಟಿಂಗ್ಸ್ 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಕಾಟ್ಸ್ ವ್ಯಾಲಿ ಎಂಬ ಸಣ್ಣ ಊರಿನಲ್ಲಿ ಇದನ್ನು ಶುರು ಮಾಡಿದರು. ಮೊದಲ ಬಂಡವಾಳದ ದೊಡ್ಡ ಪಾಲು ಹೇಸ್ಟಿಂಗ್ಸ್ ಕೈಯಿಂದ ಬಂತು, 20 ಲಕ್ಷ ಡಾಲರ್ ಆಸುಪಾಸು. ಡಿವಿಡಿ ಆಗಷ್ಟೇ, 1997ರ ಮಾರ್ಚ್‌ನಲ್ಲಿ, ಅಮೆರಿಕದ ಪೇಟೆಗೆ ಬಂದಿತ್ತು. ಕ್ಯಾಸೆಟ್ ಭಾರ, ಡಿಸ್ಕ್ ಹಗುರ. ಅಂಚೆಯಲ್ಲಿ ಒಡೆಯದೆ ಹೋಗುತ್ತಾ ಅಂತ ನೋಡೋಕೆ ಅವರಿಗೆ ಡಿವಿಡಿಯೇ ಸಿಗಲಿಲ್ಲ. ಸ್ಯಾಂಟಾ ಕ್ರೂಝ್‌ನಲ್ಲಿ ಒಂದು ಸಂಗೀತದ ಸಿಡಿ ಕೊಂಡು, ಲಕೋಟೆಯಲ್ಲಿಟ್ಟು, ಹೇಸ್ಟಿಂಗ್ಸ್ ಮನೆ ವಿಳಾಸಕ್ಕೆ ಹಾಕಿದರು. ಮರುದಿನ ಅದು ಇಡಿಯಾಗಿ ತಲುಪಿತ್ತು. ಖರ್ಚು ಒಂದು ಅಂಚೆಚೀಟಿ, 32 ಸೆಂಟ್. ಇಡೀ ವ್ಯವಹಾರ ನಿಂತದ್ದು ಈ ಪರೀಕ್ಷೆಯ ಮೇಲೆ.

1998ರ ಏಪ್ರಿಲ್ 14ರಂದು ಸೈಟ್ ತೆರೆಯಿತು. ಒಟ್ಟು 925 ಸಿನಿಮಾಗಳಿದ್ದವು. ಆರ್ಡರ್ ಬಂದಾಗೆಲ್ಲ ಗಂಟೆ ಬಾರಿಸುವಂತೆ ಮಾಡಿದ್ದರು. ಗಂಟೆ ಬಾರಿಸಿದ ಸ್ವಲ್ಪ ಹೊತ್ತಿನಲ್ಲೇ ಸರ್ವರ್ ಕುಸಿದು ಕೂತಿತು. ಬಾಡಿಗೆಗೂ ಕೊಡುತ್ತಿದ್ದರು, ಮಾರುತ್ತಲೂ ಇದ್ದರು. ದುಡ್ಡು ಬರುತ್ತಿದ್ದದ್ದು ಹೆಚ್ಚಾಗಿ ಮಾರಾಟದಿಂದ. ಆ ಸೆಪ್ಟೆಂಬರ್‌ನಲ್ಲಿ, ರೀಲ್ ಟೈಟಾನಿಕ್ ಮಾರಿದ ತಿಂಗಳಲ್ಲೇ, ಇವರು ಅಧ್ಯಕ್ಷ ಕ್ಲಿಂಟನ್ ಅವರ ಸಾಕ್ಷ್ಯದ ವಿಡಿಯೊ ಇದ್ದ ಡಿವಿಡಿಯನ್ನು 2 ಸೆಂಟ್‌ಗೆ ಮಾರಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಎರಡೂ ಕಂಪನಿ ಒಂದೇ ಆಟ ಆಡುತ್ತಿದ್ದವು ಅಲ್ವಾ?

ಹಾದಿ ಬೇರೆಯಾಗಿದ್ದು ಅದರ ನಂತರ. ಅಮೆಜಾನ್ ಬರುತ್ತಿದೆ, ಡಿಸ್ಕ್ ಮಾರುವುದರಲ್ಲಿ ಅದನ್ನು ಗೆಲ್ಲೋಕೆ ಆಗಲ್ಲ ಅಂತ ನೆಟ್‌ಫ್ಲಿಕ್ಸ್‌ನವರಿಗೆ ಬೇಗ ಗೊತ್ತಾಯಿತು. ಹೆಚ್ಚು ಆದಾಯ ತರುತ್ತಿದ್ದ ಮಾರಾಟವನ್ನೇ ಕೈಬಿಟ್ಟು, ಕೊಳ್ಳಲು ಬಂದವರನ್ನು ಅಮೆಜಾನ್ ಕಡೆ ಕಳಿಸಿ, ಬಾಡಿಗೆಯೊಂದನ್ನೇ ಹಿಡಿದರು. ಹೂಡಿಕೆದಾರನಾಗಿ ಇದನ್ನು ನೋಡಿದರೆ ಎದೆ ಝಲ್ ಅನ್ನುತ್ತೆ. ಈ ತಿಂಗಳ ಸಂಬಳಕ್ಕೆ ಆಧಾರವಾಗಿರೋದನ್ನು ಯಾರು ಬಿಡ್ತಾರೆ? ನನ್ನ ಪ್ರಕಾರ ಇಡೀ ಕತೆಯಲ್ಲಿ ಇದಕ್ಕಿಂತ ಧೈರ್ಯದ ತೀರ್ಮಾನ ಇನ್ನೊಂದಿಲ್ಲ.

1999ರ ಸೆಪ್ಟೆಂಬರ್‌ನಲ್ಲಿ ತಿಂಗಳ ಚಂದಾ ಬಂತು. ಶುರುವಿನಲ್ಲಿ 15.95 ಡಾಲರ್, ಆಮೇಲೆ 19.95. ಡಿಸ್ಕ್ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ, ತಡವಾದರೆ ದಂಡ ಇಲ್ಲ, ಒಂದನ್ನು ಮರಳಿಸಿದರೆ ಇನ್ನೊಂದು ಬರುತ್ತೆ. ಇಲ್ಲಿ ಜಾಹೀರಾತಿನ ಲೆಕ್ಕವೇ ಬದಲಾಗಿಬಿಟ್ಟಿತು. ರೀಲ್‌ನಲ್ಲಿ ಮರಳಿ ಬರಬೇಕಾದರೆ ಗಿರಾಕಿ ಮನಸ್ಸು ಮಾಡಬೇಕಿತ್ತು. ಇಲ್ಲಿ ಬಿಟ್ಟುಹೋಗಬೇಕಾದರೆ ಮನಸ್ಸು ಮಾಡಬೇಕು. ಸುಮ್ನೆ ಇದ್ದರೆ ಮುಂದಿನ ತಿಂಗಳ ಹಣ ಬರುತ್ತೆ.

ಈಗ ಕೆಲವು ಅಂಕಿಗಳನ್ನು ನೋಡೋಣ. 2002ರಲ್ಲಿ ಷೇರು ಮಾರುವಾಗ ಕಂಪನಿಯೇ ಬಹಿರಂಗಪಡಿಸಿದ ಅಂಕಿಗಳು ಇವು. 1999ರ ಕೊನೆಗೆ ಚಂದಾದಾರರು 1 ಲಕ್ಷ 7 ಸಾವಿರ. 2000ದ ಕೊನೆಗೆ 2 ಲಕ್ಷ 92 ಸಾವಿರ. 2001ರ ಕೊನೆಗೆ 4 ಲಕ್ಷ 56 ಸಾವಿರ. ಚೆನ್ನಾಗಿದೆ ಅನ್ನಿಸುತ್ತೆ. ಆದರೆ ಇದೊಂದನ್ನೇ ನೋಡಿ ಹಣ ಹಾಕಿದರೆ ಬಿಗ್‌ಸ್ಟಾರ್‌ನ ಲಾರಿ ನೋಡಿ ಹಾಕಿದ ಹಾಗೇ.

2001ರಲ್ಲಿ ಮಾರ್ಕೆಟಿಂಗ್‌ಗೆ ಆದ ಖರ್ಚು ಸುಮಾರು 2 ಕೋಟಿ 10 ಲಕ್ಷ ಡಾಲರ್. ಹೊಸದಾಗಿ ಸೇರಿದ ಒಬ್ಬೊಬ್ಬರಿಗೆ ಬಿದ್ದ ಖರ್ಚು ಸುಮಾರು 37 ಡಾಲರ್. ಭಾಗಿಸಿ ನೋಡಿ. ಆ ವರ್ಷ ಸೇರಿದವರು 5 ಲಕ್ಷ 60 ಸಾವಿರಕ್ಕೂ ಜಾಸ್ತಿ. ಆದರೆ ಚಂದಾದಾರರ ಸಂಖ್ಯೆ ಏರಿದ್ದು 1 ಲಕ್ಷ 64 ಸಾವಿರ ಮಾತ್ರ. ಉಳಿದ 4 ಲಕ್ಷ? ಬಂದಷ್ಟೇ ಬೇಗ ಹೋದವರೂ ಇದ್ದರು, ಹಳಬರೂ ಇದ್ದರು. ಹೊಸಬರಿಗೆ ಕೊಡುತ್ತಿದ್ದ ಪುಕ್ಕಟೆ ಅವಧಿ ಮುಗಿದ ಕೂಡಲೇ ಎದ್ದುಹೋದವರೇ ಎಷ್ಟೋ ಜನ. ಗೆದ್ದ ಕಂಪನಿಯ ಕೊಡದಲ್ಲೂ ಇಷ್ಟು ದೊಡ್ಡ ತೂತು ಇತ್ತು.

ಹಾಗಾದರೆ ಒಳ್ಳೆಯ ಸೂಚನೆ ಎಲ್ಲಿತ್ತು? 2000ದಲ್ಲಿ ಒಬ್ಬ ಚಂದಾದಾರನನ್ನು ತರಲು ಸುಮಾರು 50 ಡಾಲರ್ ಬೇಕಾಗಿತ್ತು. ಮರುವರ್ಷ 37. ಮಾರ್ಕೆಟಿಂಗ್ ಖರ್ಚು ಸುಮಾರು 2 ಕೋಟಿ 57 ಲಕ್ಷದಿಂದ 2 ಕೋಟಿ 10 ಲಕ್ಷಕ್ಕೆ ಇಳಿದಿತ್ತು, ಆದರೂ ಸೇರಿದವರ ಸಂಖ್ಯೆ ಏರಿತ್ತು. ಆದಾಯ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಕಡಿಮೆ ಕೂಗಿದರೂ ಜಾಸ್ತಿ ಜನ ಬರುತ್ತಿದ್ದಾರೆ ಅಂದರೆ, ಅವರನ್ನು ಕರೆಯುತ್ತಿರೋದು ಜಾಹೀರಾತು ಒಂದೇ ಅಲ್ಲ ಅಂತಾಯಿತು. ಬಳಸಿದವರು ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರೆ. ನಾನು ಯಾವುದೇ ಹೊಸ ಕಂಪನಿಯ ಕಾಗದ ಕೈಗೆತ್ತಿಕೊಂಡಾಗ ಮೊದಲು ಹುಡುಕೋದು ಈ ಎರಡು ಸಾಲುಗಳನ್ನು: ಒಬ್ಬ ಗಿರಾಕಿಯನ್ನು ತರೋಕೆ ಎಷ್ಟು ಖರ್ಚು, ಬಂದವರಲ್ಲಿ ಉಳಿದವರೆಷ್ಟು. ಇವು ಕಾಗದದಲ್ಲಿ ಸಿಗದಿದ್ದರೆ ಅಲ್ಲಿಗೇ ಮಡಚಿಡುತ್ತೇನೆ.

ಜಾಹೀರಾತನ್ನು ಅವರು ಎಲ್ಲಿ ಇಟ್ಟರು ಅನ್ನೋದೂ ಮುಖ್ಯ. ಡಿವಿಡಿ ಪ್ಲೇಯರ್ ಮಾಡುವ ತೋಷಿಬಾ, ಸೋನಿ ಥರದ ಕಂಪನಿಗಳ ಜೊತೆ ಮಾತಾಡಿ, ಪ್ಲೇಯರ್‌ನ ಡಬ್ಬಿಯೊಳಗೆ ಪುಕ್ಕಟೆ ಬಾಡಿಗೆಯ ಕೂಪನ್ ಹಾಕಿಸಿದರು. ಒಂದು ಸಂಜೆ ಊಹಿಸಿಕೊಳ್ಳಿ. ಮನೆಗೆ ಹೊಸ ಪ್ಲೇಯರ್ ಬಂದಿದೆ. ಡಬ್ಬಿ ಬಿಚ್ಚಿದ್ದಾರೆ. ನೋಡೋಕೆ ಒಂದೂ ಡಿಸ್ಕ್ ಇಲ್ಲ, ಹತ್ತಿರದ ಅಂಗಡಿಯಲ್ಲಿ ಇನ್ನೂ ಬರೀ ಕ್ಯಾಸೆಟ್. ಆಗ ಕೈಗೆ ಸಿಗುತ್ತೆ ಆ ಚೀಟಿ. ಪ್ಲೇಯರ್ ಕಂಪನಿಗೂ ಲಾಭ, ಯಾಕೆಂದರೆ ಡಿಸ್ಕ್ ಸಿಗದಿದ್ದರೆ ಪ್ಲೇಯರ್ ಯಾರು ಕೊಳ್ತಾರೆ? ಕೋಟಿಗಟ್ಟಲೆ ಜನ ನೋಡುವ ಟಿವಿ ಜಾಹೀರಾತಿಗಿಂತ ಈ ಒಂದು ಚೀಟಿ ಮೇಲು ಅಂತ ನಾನು ಹಿಂಜರಿಯದೆ ಹೇಳುತ್ತೇನೆ. 2000ದ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ 30 ಸೆಕೆಂಡಿಗೆ 20 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಜಾಹೀರಾತು ಹಾಕಿದ ಡಾಟ್‌ಕಾಂಗಳಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುವ ಪೆಟ್ಸ್.ಕಾಂ ಕೂಡ ಇತ್ತು. ಅದೇ ನವೆಂಬರ್‌ನಲ್ಲಿ ಬಾಗಿಲು ಹಾಕಿತು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಮೊದಲ ಕೆಲವು ವರ್ಷ ಡಿಸ್ಕ್‌ಗಳೆಲ್ಲ ಹೊರಡುತ್ತಿದ್ದದ್ದು ಸ್ಯಾನ್ ಹೋಸೆಯ ಗೋದಾಮಿನಿಂದ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಮನೆಗಳಿಗೆ ಮರುದಿನವೇ ತಲುಪುತ್ತಿತ್ತು. ನ್ಯೂಯಾರ್ಕ್‌ಗೆ ಹೋಗಿ ಬರೋಕೆ ಎಷ್ಟೋ ದಿನ. ಲೆಕ್ಕ ನೋಡಿದಾಗ, ಮರುದಿನ ತಲುಪುವ ಕಡೆ ಚಂದಾದಾರರ ಪ್ರಮಾಣ ಬೇರೆ ಊರುಗಳಿಗಿಂತ ಎಷ್ಟೋ ಪಾಲು ಜಾಸ್ತಿ. ಅಂದರೆ ಜನ ಸೇರುವಂತೆ ಮಾಡಲು ಇನ್ನೊಂದು ಜಾಹೀರಾತು ಬೇಕಿರಲಿಲ್ಲ, ಇನ್ನೊಂದು ಗೋದಾಮು ಬೇಕಿತ್ತು! 2002ರಲ್ಲಿ ದೇಶದ ಬೇರೆ ಬೇರೆ ಕಡೆ ಗೋದಾಮುಗಳನ್ನು ತೆರೆದರು. ಬೆಳವಣಿಗೆಗೆ ಹಾಕುವ ಹಣ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಟಿವಿ ಮತ್ತು ಫಲಕಗಳು. ಇಲ್ಲಿ ಅಂಚೆಯಣ್ಣನ ಕೈಯಲ್ಲಿದ್ದ ಕೆಂಪು ಲಕೋಟೆಯೇ ಆ ಕೆಲಸ ಮಾಡಿತು.

ಡಿಸ್ಕ್ ಕೊಳ್ಳುವ ಖರ್ಚಿಗೂ ಒಂದು ದಾರಿ ಕಂಡುಕೊಂಡರು. 2000ದ ಸುಮಾರಿಗೆ ವಾರ್ನರ್, ಕೊಲಂಬಿಯಾ ಟ್ರೈಸ್ಟಾರ್ ಎಂಬ ಸಿನಿಮಾ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು, ಪೂರಾ ಬೆಲೆ ಕೊಟ್ಟು ಡಿಸ್ಕ್ ಕೊಳ್ಳುವ ಬದಲು ಬಾಡಿಗೆ ಆದಾಯದಲ್ಲಿ ಪಾಲು ಕೊಟ್ಟರು, ಜೊತೆಗೆ ಕಂಪನಿಯಲ್ಲೂ ಸ್ವಲ್ಪ ಷೇರು ಕೊಟ್ಟರು. ಕೈಯಲ್ಲಿ ಹಣ ಉಳಿಯಿತು.

ಇಷ್ಟೆಲ್ಲ ಇದ್ದರೂ ಹೂಡಿದವರು ನಿದ್ದೆಗೆಟ್ಟಿದ್ದು ಸುಳ್ಳಲ್ಲ. 1999ರಲ್ಲಿ ಫ್ರಾನ್ಸಿನ ಭಾರಿ ಶ್ರೀಮಂತ ಉದ್ಯಮಿ ಬರ್ನಾರ್ಡ್ ಆರ್ನೋ ಅವರ ಸಮೂಹ 3 ಕೋಟಿ ಡಾಲರ್ ಹಾಕಿತು. 2000ದಲ್ಲಿ ಕಂಪನಿ ಕಳೆದುಕೊಂಡದ್ದು 5 ಕೋಟಿ 70 ಲಕ್ಷದ ಹತ್ತಿರ. ಷೇರು ಮಾರಲು ಹೊರಟವರು ಪೇಟೆ ಬಿದ್ದದ್ದರಿಂದ ಹಿಂದೆ ಸರಿದರು. ಅದೇ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ಗೆ ಹೋಗಿ ಬ್ಲಾಕ್‌ಬಸ್ಟರ್‌ನವರ ಮುಂದೆ ಕೂತು, 5 ಕೋಟಿ ಡಾಲರಿಗೆ ನಮ್ಮನ್ನು ಕೊಂಡುಬಿಡಿ ಅಂದರು. ಅವರು ಬೇಡ ಅಂದರು. 2001ರಲ್ಲಿ ಮೂರರಲ್ಲೊಂದು ಪಾಲು ನೌಕರರನ್ನು ಕಳಿಸಬೇಕಾಯಿತು. ಆ ಹೊತ್ತಿಗೆ ಡಿವಿಡಿ ಪ್ಲೇಯರ್ ಬೆಲೆ ಇಳಿದು ಮನೆಮನೆಗೂ ಬಂತು, ಅದು ಕೈಹಿಡಿಯಿತು. ಅದೃಷ್ಟದ ಪಾಲು ಇದರಲ್ಲಿ ಇದೆ. ಇಲ್ಲ ಅನ್ನುವವರನ್ನು ನಂಬಬೇಡಿ.

2002ರ ಮೇ 23ರಂದು ಷೇರಿಗೆ 15 ಡಾಲರಿನಂತೆ 55 ಲಕ್ಷ ಷೇರು ಮಾರಿ 8 ಕೋಟಿ 25 ಲಕ್ಷ ಡಾಲರ್ ಎತ್ತಿದರು. ಅಕ್ಟೋಬರ್‌ನಲ್ಲಿ ವಾಲ್‌ಮಾರ್ಟ್ ತಾನೂ ಇದೇ ಸೇವೆಗೆ ಇಳಿಯುತ್ತೇನೆ ಅಂದಾಗ ಷೇರು 5 ಡಾಲರ್ ಆಸುಪಾಸಿಗೆ ಬಿತ್ತು. ಕೊಂಡು ಐದು ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು ಮಾಯ. ವರ್ಷದ ಕೊನೆಗೆ ಚಂದಾದಾರರು ಮಾತ್ರ 8 ಲಕ್ಷ 57 ಸಾವಿರ. ಬೆಲೆ ಒಂದು ಕಡೆ, ವ್ಯವಹಾರ ಇನ್ನೊಂದು ಕಡೆ ಹೋಗುತ್ತಿತ್ತು. 2003ರಲ್ಲಿ ಮೊದಲ ಸಲ ಪೂರ್ತಿ ವರ್ಷದ ಲಾಭ ಬಂತು. 2005ರಲ್ಲಿ ವಾಲ್‌ಮಾರ್ಟ್ ತನ್ನ ಚಂದಾದಾರರನ್ನು ಇವರಿಗೇ ಒಪ್ಪಿಸಿ ಎದ್ದಿತು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಬೇಕು ಅನ್ನಿಸಿತು.

‘ನಮ್ಮ ಬೆಂಗಳೂರಿನಲ್ಲೂ ಇಂಥದ್ದೊಂದು ಇತ್ತಲ್ವಾ ಸಾರ್?’ ಅಂತ ಹಿರಿಯರೊಬ್ಬರು ಕೇಳಿದರು. ಇತ್ತು. ಸೆವೆಂಟಿ ಎಂಎಂ. ಹೊರಗಿನ ಬಂಡವಾಳ ಕಂಪನಿಗಳ ಹಣದಿಂದಲೇ ನಡೆಯಿತು. ಚಂದಾ ಪದ್ಧತಿ ಅದರಲ್ಲೂ ಇತ್ತು. ಆದರೆ ಇಲ್ಲಿ ಮೆಜೆಸ್ಟಿಕ್ ಕಡೆ ಹೋದರೆ ಕಳ್ಳ ಡಿಸ್ಕ್ ಕಾಸಿಗೊಂದು ಸಿಗುತ್ತಿತ್ತು, ಕೇಬಲ್‌ನಲ್ಲಿ ದಿನವಿಡೀ ಸಿನಿಮಾ ಬರುತ್ತಿತ್ತು. ಅಮೆರಿಕದಲ್ಲಿ ಜನರನ್ನು ಹಿಡಿದಿಟ್ಟದ್ದು, ತಡವಾಗಿ ಮರಳಿಸಿದರೆ ಬಾಡಿಗೆ ಅಂಗಡಿಗಳು ಹಾಕುತ್ತಿದ್ದ ದಂಡದ ಮೇಲಿನ ಸಿಟ್ಟು ಮತ್ತು ಅಗ್ಗದ ಅಂಚೆ. ನಮ್ಮಲ್ಲಿ ಆ ಸಿಟ್ಟೂ ಅಷ್ಟಿರಲಿಲ್ಲ, ಆ ಅಂಚೆ ಲೆಕ್ಕವೂ ಹೊಂದುತ್ತಿರಲಿಲ್ಲ. ಚಂದಾ ಇದ್ದಷ್ಟಕ್ಕೇ ಗಿರಾಕಿ ಉಳಿಯುತ್ತಾನೆ ಅಂತ ಏನೂ ಇಲ್ಲ. ಬೇರೆ ಕಡೆ ಸುಲಭವಾಗಿ ಸಿಗದ ಏನನ್ನೋ ಕೊಡುತ್ತಿರಬೇಕು. ಆ ಕಂಪನಿ ಮುಂದೆ ಬಾಡಿಗೆ ಬಿಟ್ಟು ಬೇರೆ ಸಾಮಾನು ಮಾರುವ ಕಡೆ ತಿರುಗಿತು.

ಎರಡನೆಯದು ಒಬ್ಬ ಹುಡುಗಿಯ ನೇರ ಪ್ರಶ್ನೆ: ‘ಆಗ ನೀವು ಅಲ್ಲಿದ್ದಿದ್ದರೆ ಯಾವುದಕ್ಕೆ ಹಣ ಹಾಕ್ತಿದ್ರಿ?’

ರೀಲ್‌ಗೆ ಹಾಕುತ್ತಿರಲಿಲ್ಲ, ಬಿಗ್‌ಸ್ಟಾರ್‌ಗಂತೂ ಇಲ್ಲ. 1999ರ ನೆಟ್‌ಫ್ಲಿಕ್ಸ್‌ಗೂ ಹಾಕುತ್ತಿರಲಿಲ್ಲಮ್ಮ. ಆಗ ಅದರ ಹತ್ತಿರ ಚಂದಾದಾರರು ಎಷ್ಟು ತಿಂಗಳು ಉಳಿಯುತ್ತಾರೆ ಅಂತ ಹೇಳೋಕೆ ಸಾಕಷ್ಟು ತಿಂಗಳುಗಳೇ ಕಳೆದಿರಲಿಲ್ಲ. ಅದು ಆರ್ನೋ ಅಂಥವರು ಕಳೆದುಕೊಂಡರೂ ತಡೆದುಕೊಳ್ಳಬಲ್ಲ ಹಣ. 2002ರಲ್ಲಿ, ಆ 50 ಮತ್ತು 37ರ ಸಾಲು ಓದಿದ ಮೇಲೆ, ಸ್ವಲ್ಪ ಹಾಕುತ್ತಿದ್ದೆ ಅನ್ನಿಸುತ್ತೆ. ಅಕ್ಟೋಬರ್‌ನಲ್ಲಿ 5 ಡಾಲರಿಗೆ ಬಿದ್ದಾಗ ಮತ್ತೆ ಅದೇ ಎರಡು ಸಾಲನ್ನು ಕೇಳುತ್ತಿದ್ದೆ: ಒಬ್ಬ ಗಿರಾಕಿಯನ್ನು ತರೋಕೆ ಈಗೆಷ್ಟು, ಬಂದವರಲ್ಲಿ ಉಳಿದವರೆಷ್ಟು.